ಮೂರನೆಯ ಮಾತು

ರಾಥರ್‌ಹ್ಯಾಮ್ ಪೇಟೆಯ ಮಾಂಸದಂಗಡಿಯವನಿಗೆ ನಮ್ಮ ಕಾರ್ಖಾನೆಯವರನ್ನು ಕಂಡರೆ ಆಗುವುದಿಲ್ಲ. ಒಂದು ಪೌಂಡು ಸಾಸೇಜು ಕೊಡು ಎನ್ನುತ್ತೇವೆ. ಅವನು "ಹೂಂ" ಎಂದು ತಕ್ಕಡಿಗೆ ಕೈ ಹಾಕುತ್ತಾನೆ. ನಾವು ಬಿಡುವುದಿಲ್ಲ. ನಾನು ಏನು ಕೇಳಿದೆ, ಹೇಳು ನೋಡೋಣ ಎನ್ನುತ್ತೇವೆ. ಹಿಂದೆ ನಿಂತ ಸಾಲಿನವರು ಗೊಣಗುತ್ತಾರೆ. ಅವನು ಕೆಂಪಗಾಗಿ, ಒಂದು ಪೌಂಡು ಸಾಸೇಜು ಕಣಮ್ಮ ಎಂದು ಒಪ್ಪಿಸುತ್ತಾನೆ. ಆಗ ನಾವು "ಸರಿ" ಎನ್ನುತ್ತೇವೆ. ನಮಗೆ ಇದರಲ್ಲಿ ತಮಾಷೆ ಏನೂ ಕಾಣುವುದಿಲ್ಲ.

ಅಣುವಿದ್ಯುತ್ ಸ್ಥಾವರಗಳಿಗೆ ಬೇಕಾದ ದೊಡ್ಡ ದೊಡ್ಡ ಉಕ್ಕಿನ ಪಾತ್ರೆಗಳನ್ನು ಮಾಡುವ ಕಾರ್ಖಾನೆ ನಮ್ಮದು. ಕಾಗದಪತ್ರದಲ್ಲಿ ಅವಕ್ಕೆ ಉದ್ದುದ್ದ ಹೆಸರುಗಳಿವೆ, ನಾವು ಹಂಡೆ ಎನ್ನುತ್ತೇವೆ. ಒಂದು ಹಂಡೆಯ ತೂಕಕ್ಕೆ ಒಂದು ಸಾಲು ಬಸ್ಸುಗಳನ್ನು ನಿಲ್ಲಿಸಬಹುದು. ಇಂಥದ್ದನ್ನು ಎತ್ತಿ ಇಳಿಸುವಾಗ "ಹೂಂ", "ಆಯ್ತು ಬಿಡು", "ಸ್ವಲ್ಪ ಆ ಕಡೆ" ಎಂಬ ಮಾತುಗಳು ನಡೆಯುವುದಿಲ್ಲ. ಅದಕ್ಕೇ ಮೂರು ಮಾತಿನ ನಿಯಮ. ಒಬ್ಬರು ಹೇಳಬೇಕು. ಇನ್ನೊಬ್ಬರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಬೇಕು. ಗಿಳಿಪಾಠ ಬೇಕಿಲ್ಲ, ತಮ್ಮ ಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಅರ್ಥವಾದದ್ದು ಸರಿಯಿದ್ದರೆ ಮೊದಲು ಹೇಳಿದವರು "ಸರಿ" ಎನ್ನಬೇಕು, ಇಲ್ಲದಿದ್ದರೆ "ತಪ್ಪು" ಎಂದು ಮೊದಲಿನಿಂದ ಶುರು ಮಾಡಬೇಕು. ಆ ಮೂರನೆಯ ಮಾತು ಬೀಳುವವರೆಗೆ ಯಾರೂ ಒಂದು ಬೆರಳು ಅಲ್ಲಾಡಿಸುವಂತಿಲ್ಲ. ಇದನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಕೆಲಸ ನನ್ನದು. ನನ್ನ ಹೆಸರು ಗೇನರ್ ಓಲ್ಡ್‌ರಾಯ್ಡ್. ಗುಣಮಟ್ಟದ ವಿಭಾಗದವಳು. ಬೆನ್ನ ಹಿಂದೆ ನನಗೆ ಬೇರೆ ಹೆಸರುಗಳೂ ಇವೆ, ಅವನ್ನು ಇಟ್ಟವರು ಯಾರು ಎಂಬುದೂ ನನಗೆ ಗೊತ್ತು.

ಈ ನಿಯಮವನ್ನು ಉಸಿರಾಟದಷ್ಟು ಸಲೀಸಾಗಿ ಪಾಲಿಸುತ್ತಿದ್ದವರು ಇಬ್ಬರು. ಮೇಲೆ ಕ್ರೇನಿನ ಗೂಡಿನಲ್ಲಿ ಮ್ಯಾಕ್ಸೀನ್, ಕೆಳಗೆ ನೆಲದ ಮೇಲೆ ಹಂಡೆಗೆ ಪಟ್ಟಿ ಬಿಗಿದು ಅವಳಿಗೆ ದಾರಿ ಹೇಳುವ ನೆವಿಲ್. ವರ್ಷಗಟ್ಟಲೆ ಅವರಿಬ್ಬರ ಮಾತು ನಡೆದದ್ದು ವಾಕಿಟಾಕಿಯಲ್ಲಿ. "ಕ್ರೇನ್, ಒಂದು ಗೇಣು ಮೇಲೆ." "ಒಂದು ಗೇಣು ಮೇಲೆ, ಅಷ್ಟಕ್ಕೆ ನಿಲ್ಲಿಸ್ತೀನಿ." "ಸರಿ." ಕೇಳುತ್ತಿದ್ದರೆ ಸಂಗೀತ ಕೇಳಿದಷ್ಟು ಹಿತ. ಆದರೆ ಚಹಾದ ಹೊತ್ತಿಗೆ ಮ್ಯಾಕ್ಸೀನ್ ಏಣಿ ಇಳಿದು ಬಂದಳೋ, ನೆವಿಲ್ ಗರ ಬಡಿದವನಂತೆ ನಿಂತುಬಿಡುತ್ತಿದ್ದ. ವಾಕಿಟಾಕಿ ಕೈಯಲ್ಲಿಲ್ಲದಿದ್ದರೆ ಅವನ ಬಾಯಿ ಬಿಡಿಸಲು ಇಕ್ಕಳ ಬೇಕು.

ಅವನಿಗೆ ಅವಳ ಮೇಲೆ ಮನಸ್ಸಿತ್ತು. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕ್ಯಾಂಟೀನಿನಲ್ಲಿ ಚಿಪ್ಸ್ ಕರಿಯುವ ಹೆಂಗಸಿಗೂ ಗೊತ್ತಿತ್ತು. ಅವಳ ಮದುವೆ ಮುರಿದು ಬಹಳ ಕಾಲವಾಗಿತ್ತು, ಅವನು ಮದುವೆಯ ಗೋಜಿಗೇ ಹೋಗಿರಲಿಲ್ಲ. ಊರಾಚೆ ಬಾಡಿಗೆಗೆ ಒಂದು ತುಂಡು ತೋಟ ಇಟ್ಟುಕೊಂಡು, ಪ್ರದರ್ಶನಕ್ಕೆಂದು ಮಗುವಿನ ತಲೆಯಷ್ಟು ದಪ್ಪದ ಈರುಳ್ಳಿ ಬೆಳೆಯುತ್ತಿದ್ದ. ಮ್ಯಾಕ್ಸೀನಳ ಊಟದ ಚೀಲ ಹಗ್ಗದಲ್ಲಿ ಗೂಡಿಗೆ ಹೋಗುತ್ತಿತ್ತು, ಅದರೊಳಗೆ ವಾರಕ್ಕೊಮ್ಮೆ ಒಂದು ಈರುಳ್ಳಿ ಇಡುತ್ತಿದ್ದ. ಅವನ ಪ್ರೇಮಪತ್ರ ಅಷ್ಟೇ. ದುರದೃಷ್ಟಕ್ಕೆ ಮ್ಯಾಕ್ಸೀನಳಿಗೆ ಈರುಳ್ಳಿ ಆಗುವುದಿಲ್ಲ, ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಅವಳು ಅದನ್ನು ನನಗೆ ದಾಟಿಸುತ್ತಿದ್ದಳು. ಅವರಿಬ್ಬರ ಪ್ರೇಮದಲ್ಲಿ ಇಷ್ಟು ವರ್ಷ ಹೊಟ್ಟೆ ತುಂಬಿದ್ದು ನನ್ನ ಗಂಡನಿಗೆ ಮಾತ್ರ.

ಹೀಗಿರುವಾಗ ಫಿನ್‌ಲ್ಯಾಂಡಿನ ಒಂದು ಸ್ಥಾವರದವರು ನಮ್ಮಿಂದ ಹಂಡೆ ಕೊಳ್ಳುವ ಯೋಚನೆಯಲ್ಲಿದ್ದಾರೆ ಎಂಬ ಸುದ್ದಿ ಬಂತು. ನಿಮ್ಮ ಕೆಲಸದ ರೀತಿಯನ್ನು ವಿಡಿಯೊದಲ್ಲಿ ತೋರಿಸಿ ಎಂದು ಕೇಳಿದ್ದರು. ನಮ್ಮ ಮ್ಯಾನೇಜರ್ ಅಲಿಸ್ಟರ್‌ಗೆ ಅಷ್ಟೇ ಸಾಕಾಯಿತು. ಲಂಡನ್ನಿನಿಂದ ಫೆಲಿಕ್ಸ್ ಎಂಬ ನಿರ್ದೇಶಕನನ್ನು ಕರೆಸಿದರು. ಫೆಲಿಕ್ಸ್ ಮೊಸರಿನ ಜಾಹೀರಾತುಗಳಲ್ಲಿ ಹೆಸರು ಮಾಡಿದವನು. ಚಮಚದಿಂದ ಮೊಸರು ಜಾರುವುದನ್ನು ಅವನಷ್ಟು ಚೆನ್ನಾಗಿ ತೆಗೆಯುವವರು ಇಲ್ಲವಂತೆ. ಮೊಸರಿನವನಿಗೆ ಇಲ್ಲೇನು ಕೆಲಸ ಎಂದು ನಾನು ಕೇಳಿದೆ. ಅಲಿಸ್ಟರ್ ನನ್ನ ಮೇಲೆ ಸೇಡು ತೀರಿಸಿಕೊಂಡರು. ಚಿತ್ರದಲ್ಲಿ ಎಲ್ಲೂ ನಿಯಮ ಮುರಿದದ್ದು ಕಾಣದಂತೆ ನೋಡಿಕೊಳ್ಳುವ ಹೊಣೆ ನಿನ್ನದೇ ಎಂದು ನನ್ನನ್ನು ಅವನ ಬೆನ್ನಿಗೆ ಕಟ್ಟಿದರು.

ಪಾಪ, ಹುಡುಗ ಕೆಟ್ಟವನಲ್ಲ. ಬಂದ ದಿನವೇ ಕಿಡಿ ಹಾರಬೇಕು ಎಂದ. ನಮ್ಮಲ್ಲಿ ಕಿಡಿ ಹಾರಿತು ಎಂದರೆ ಎಲ್ಲೋ ಕೆಲಸ ಕೆಟ್ಟಿದೆ ಎಂದರ್ಥ, ಎಂದೆ. ಹಾಗಾದರೆ ಕೆಲಸಗಾರರು ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು, ಕೂದಲು ಹಾರಿಸುತ್ತ, ಕ್ಯಾಮೆರಾದ ಕಡೆಗೆ ನಿಧಾನವಾಗಿ ನಡೆದು ಬರಲಿ ಎಂದ. ಹೆಲ್ಮೆಟ್ ಇರಬೇಕಾದದ್ದು ತಲೆಯ ಮೇಲೆ ಎಂದೆ. ಕೂದಲಿನ ವಿಷಯಕ್ಕೆ ಬಂದರೆ, ನಮ್ಮ ಗಂಡಸರಲ್ಲಿ ಹಾರಿಸುವಷ್ಟು ಉಳಿದಿರುವುದು ಇಬ್ಬರಿಗೋ ಮೂವರಿಗೋ. ಅವನ ಮೈಕಿಗೆ ತುಪ್ಪಳದ ಟೋಪಿ ಹಾಕಿತ್ತು, ಹಂಡೆಯೊಳಗೆ ಒಂದು ಕೂದಲು ಬಿದ್ದರೂ ಕಷ್ಟವೆಂದು ಅದನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ನನಗೆ ಹೇಳದೆ ಹೊಗೆಯ ಯಂತ್ರ ತಂದ. ಒಂದು ಸಲ ಬುಸ್ಸೆಂದದ್ದೇ ತಡ, ಬೆಂಕಿಯ ಗಂಟೆ ಬಡಿಯಿತು. ನಾವೆಲ್ಲ ಸಾಲಾಗಿ ಹೊರಗೆ ಹೋಗಿ, ಕಾರು ನಿಲ್ಲಿಸುವ ಜಾಗದಲ್ಲಿ ಮಳೆಯಲ್ಲಿ ನೆನೆಯುತ್ತ ಹಾಜರಿ ಕೂಗಿಸಿಕೊಂಡೆವು. ಫೆಲಿಕ್ಸ್ ಅದನ್ನು ನೋಡಿ ಬೆರಗಾದ. ಎಷ್ಟು ಚೆಂದ ನಡೆದು ಬಂದಿರಿ, ಕ್ಯಾಮೆರಾ ತರುತ್ತೇನೆ, ಇನ್ನೊಂದು ಸಲ ಮಾಡುತ್ತೀರಾ ಎಂದು ಕೇಳಿದ.

ನಿಜವಾದ ಪಾಡು ಶುರುವಾದದ್ದು ನೆವಿಲ್‌ನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ. ಫೆಲಿಕ್ಸ್ "ಆಕ್ಷನ್" ಎಂದ. ನೆವಿಲ್ ಅಲ್ಲಾಡಲಿಲ್ಲ.

"ಶುರು ಮಾಡು ಅಂತ ಹೇಳ್ತಿದ್ದೀರಿ," ಎಂದ ನೆವಿಲ್.

"ಹೌದು ಹೌದು, ಮಾಡಿ ಮಾಡಿ," ಎಂದ ಫೆಲಿಕ್ಸ್.

ನೆವಿಲ್ ಮತ್ತೂ ನಿಂತೇ ಇದ್ದ. ಫೆಲಿಕ್ಸ್ ನನ್ನ ಮುಖ ನೋಡಿದ. "ಹೌದು ಹೌದು" ನಡೆಯುವುದಿಲ್ಲ, "ಸರಿ" ಎನ್ನಬೇಕು ಎಂದು ನಾನು ಹೇಳಿಕೊಟ್ಟೆ. ಅವನು "ಸರಿ" ಎಂದ ಮೇಲೆ ನೆವಿಲ್ ನಡೆದ. ಅಷ್ಟರಲ್ಲಿ ಕ್ಯಾಮೆರಾದವನು ಕ್ಯಾಮೆರಾ ನಿಲ್ಲಿಸಿದ್ದ. ಇನ್ನೊಂದು ಸಲ. "ಸ್ವಲ್ಪ ಎಡಕ್ಕೆ ಬನ್ನಿ." ನಿಮ್ಮ ಎಡವೋ ನನ್ನ ಎಡವೋ, ಎಷ್ಟು ಎಂದು ನೆವಿಲ್ ಕೇಳಿದ. "ಸಹಜವಾಗಿರಿ." ಇದನ್ನು ತಿರುಗಿ ಹೇಳುವುದು ಹೇಗೆಂದು ತಿಳಿಯದೆ ನೆವಿಲ್ ಬೆವರಿದ. ಕೊನೆಗೆ, ಸಹಜ ಎಂದರೆ ಏನು ಮಾಡಬೇಕೆಂದು ನೀವು ಹೇಳಿಲ್ಲವಾದ್ದರಿಂದ ನಾನು ಏನೂ ಮಾಡುವುದಿಲ್ಲ ಎಂದ. ಮೇಲಿನ ಗೂಡಿನಿಂದ ಮ್ಯಾಕ್ಸೀನ್ ನಕ್ಕದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಅವಳ ನಗು ಕೇಳಿದ ನೆವಿಲ್‌ನ ಕಿವಿ ಟೊಮೇಟೊ ಹಣ್ಣಾಯಿತು. ವಾರ ಮುಗಿಯುವ ಹೊತ್ತಿಗೆ ಫೆಲಿಕ್ಸ್ ತನ್ನ ಹೋಟೆಲಿನಲ್ಲಿ ಕಾಫಿ ತಂದುಕೊಡುವವಳಿಗೂ "ಸರಿ" ಎನ್ನುತ್ತಿದ್ದನಂತೆ.

ಅಂತೂ ಚಿತ್ರ ಮುಗಿಯಿತು. ಡೋಲು ಬಡಿತ, ಡಾನ್ ನದಿಯ ಮೇಲೆ ಸೂರ್ಯೋದಯ, ಅಲಿಸ್ಟರ್ ಕಿಟಕಿಯಿಂದ ದೂರಕ್ಕೆ ನೋಡುವುದು, ಯಾರದೋ ಗಟ್ಟಿ ಧ್ವನಿಯಲ್ಲಿ ಶ್ರೇಷ್ಠತೆ ಮತ್ತು ನಾಳೆಯ ಬಗ್ಗೆ ಮಾತು. ಅಂಥ ಸೂರ್ಯೋದಯ ನಾನು ಹುಟ್ಟಿದಂದಿನಿಂದ ಈ ಊರಲ್ಲಿ ಆಗಿಲ್ಲ. ಕೆಲಸ ಎಂಬುದು ಇಡೀ ಚಿತ್ರದಲ್ಲಿ ಕಂಡದ್ದು ನೆವಿಲ್‌ನ ಒಂದು ಕೈ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅದನ್ನು ಫಿನ್‌ಲ್ಯಾಂಡಿಗೆ ಕಳಿಸಿದರು. ಅಲ್ಲಿನ ಪಿರ್ಕೊ ರಾಂತಾನೆನ್ ಎಂಬಾಕೆಯದು ಅಂತಿಮ ಮಾತು. ಆಕೆಯ ಉತ್ತರ ಚುಟುಕಾಗಿತ್ತು. ಸಂಗೀತ ಚೆನ್ನಾಗಿದೆ. ಕೆಲಸ ಕಾಣಲಿಲ್ಲ. ಒಂದು ಹಂಡೆಯನ್ನು ಎತ್ತಿ ಇಳಿಸುವುದನ್ನು ಮೊದಲಿಂದ ಕೊನೆಯವರೆಗೆ, ಎಲ್ಲೂ ಕತ್ತರಿಸದೆ, ನೇರ ತೋರಿಸಿ. ಮುಖ್ಯವಾಗಿ ನಿಮ್ಮವರು ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ ಎಂಬುದು ಕೇಳಿಸಲಿ.

ನನಗೆ ಆ ಹೆಂಗಸಿನ ಮೇಲೆ ನೋಡದೆಯೇ ಗೌರವ ಹುಟ್ಟಿತು. ಅಲಿಸ್ಟರ್ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತರು. ನೇರ ಪ್ರಸಾರವೆಂದರೆ ಎರಡನೆಯ ಸಲ ಎಂಬುದಿಲ್ಲ. ಜೊತೆಗೆ ಇನ್ನೊಂದು ತೊಡಕಿತ್ತು. ಮುಂದಿನ ತಿಂಗಳಿಂದ ಕ್ರೇನಿನ ಗೂಡು ತೆಗೆದು, ನೆಲದ ಮೇಲೆ ನಿಂತು ಗುಂಡಿ ಒತ್ತಿ ನಡೆಸುವ ಪೆಟ್ಟಿಗೆ ಹಾಕಲು ತೀರ್ಮಾನವಾಗಿತ್ತು. ಮ್ಯಾಕ್ಸೀನಳಿಗೆ ಆ ಪೆಟ್ಟಿಗೆ ಕೊಡಲು ಹೋದರೆ, ಆಟದ ಸಾಮಾನು ಹಿಡಿದು ಓಡಾಡಲು ನಾನು ಕೂಸಲ್ಲ ಎಂದು ಹೇಳಿ, ದೂರದ ಸಾಮರ್ಸೆಟ್ಟಿನಲ್ಲಿ ಕಟ್ಟುತ್ತಿರುವ ಹೊಸ ಸ್ಥಾವರದಲ್ಲಿ ಎತ್ತರದ ಕ್ರೇನಿನ ಕೆಲಸ ಹಿಡಿದುಬಿಟ್ಟಿದ್ದಳು. ಭಾನುವಾರ ಹೊರಡುವವಳು. ಫಿನ್‌ಲ್ಯಾಂಡಿನವರಿಗೆ ತೋರಿಸುವುದು ಶುಕ್ರವಾರ. ಅದೇ ಅವಳು ಇಲ್ಲಿ ಎತ್ತುವ ಕೊನೆಯ ಹಂಡೆ.

ಗುರುವಾರ ಮಧ್ಯಾಹ್ನ ಅವಳು ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು, ಕೊನೆಯ ಈರುಳ್ಳಿಯನ್ನು ನನ್ನ ಕಡೆ ತಳ್ಳಿದಳು. ಯಾವತ್ತೂ ಇಲ್ಲದ್ದು, ಮುಖ ಸಪ್ಪಗಿತ್ತು.

"ನಲವತ್ತು ಟನ್ನು ಉಕ್ಕನ್ನ ಕೂದಲೆಳೆಯಷ್ಟು ಸರಿಸು ಅಂತ ಹೇಳೋಕೆ ಬರತ್ತೆ ಅವನಿಗೆ," ಎಂದಳು. "ಬಾ, ಒಂದು ಲೋಟ ಚಹಾ ಕುಡಿಯೋಣ ಅನ್ನೋಕೆ ಬರಲ್ಲ. ಒಂದು ಮಾತು, ಗೇನರ್. ಒಂದೇ ಒಂದು ಮಾತು ಆಡಿದ್ರೆ ನಾನೂ ನೋಡ್ತಿದ್ದೆ."

ನೀನೇ ಕೇಳಬಾರದೇನೇ ಎಂದೆ. ಕೇಳಿದರೆ ಓಡಿಹೋಗಿ ಹಂಡೆಯೊಳಗೆ ಅಡಗಿಕೊಳ್ಳುತ್ತಾನೆ, ಆಮೇಲೆ ನೀನು ಅದನ್ನೆಲ್ಲ ಮತ್ತೆ ತೊಳೆಸಬೇಕಾಗುತ್ತದೆ ಎಂದಳು. ಅದೂ ನಿಜವೇ.

ನಾನು ನೆವಿಲ್‌ನನ್ನು ಹುಡುಕಿಕೊಂಡು ಹೋದೆ. ಪಟ್ಟಿಗಳನ್ನು ಒರೆಸುತ್ತ ಕೂತಿದ್ದ. ನನಗೆ ಸಿಟ್ಟು ಬಂದರೆ ಮಾತು ನೇರ.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯೇನಯ್ಯಾ? ಭಾನುವಾರ ಹೋಗ್ತಾಳೆ ಅವಳು. ಆಮೇಲೆ ಯಾರಿಗೆ ಕೊಡ್ತೀಯ ನಿನ್ನ ಈರುಳ್ಳೀನ?"

ಅವನು ಒರೆಸುವುದನ್ನು ನಿಲ್ಲಿಸಿದ. "ಭಾನುವಾರ ಹೋಗ್ತಾಳೆ," ಎಂದು ತಿರುಗಿ ಹೇಳಿದ. ನಾನು "ಸರಿ" ಎಂದೆ. ಅಷ್ಟು ದೊಡ್ಡ ಗಂಡಸಿನ ಕಣ್ಣಲ್ಲಿ ನೀರು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಎದುರಿಗೆ ನಿಂತರೆ ನಾಲಗೆ ಒಣಗುತ್ತದೆ ಗೇನರ್, ಏನು ಮಾಡಲಿ ಎಂದ. ನಾನೂ ಒಂದು ಬಟ್ಟೆ ಎತ್ತಿಕೊಂಡು ಪಟ್ಟಿ ಒರೆಸಲು ಕೂತೆ.

ಶುಕ್ರವಾರ ಫೆಲಿಕ್ಸ್ ಒಂದೇ ಕ್ಯಾಮೆರಾ ನೆಟ್ಟು, ತಾನು ಇಡೀ ಬದುಕಿನಲ್ಲಿ ಇಷ್ಟು ಬೇಸರದ ಚಿತ್ರ ತೆಗೆದಿಲ್ಲ ಎಂದು ಗೊಣಗಿದ. ಗೋಡೆಯ ದೊಡ್ಡ ಪರದೆಯಲ್ಲಿ ಪಿರ್ಕೊ ಕಾಣಿಸಿದಳು. ನರೆತ ಕೂದಲು, ದಪ್ಪ ಕನ್ನಡಕ, ಕೈಯಲ್ಲಿ ಕಾಫಿ. ನಮಸ್ಕಾರ ಎಂದಳು, ಅಷ್ಟೇ. ಅಲಿಸ್ಟರ್ ಸ್ವಾಗತ ಭಾಷಣ ಮಾಡಿದರು. ಆಕೆ ತಲೆಯನ್ನೂ ಆಡಿಸಲಿಲ್ಲ, ಪರದೆ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದು ಫೆಲಿಕ್ಸ್ ಹೋಗಿ ತಂತಿ ಅಲ್ಲಾಡಿಸಿದ. ಆಮೇಲೆ ಆಕೆ ಒಂದು ಗುಟುಕು ಕಾಫಿ ಕುಡಿದಳು. ವಾಕಿಟಾಕಿಯ ಮಾತೆಲ್ಲ ಧ್ವನಿವರ್ಧಕದಲ್ಲಿ ನಮಗೂ ಕೇಳಿಸುವಂತೆ, ಫಿನ್‌ಲ್ಯಾಂಡಿಗೂ ಕೇಳಿಸುವಂತೆ ಜೋಡಿಸಿತ್ತು. ನಾನು ಹಳದಿ ಗೆರೆಯ ಪಕ್ಕ ನಿಂತೆ. ಏನಾದರೂ ನಿಯಮ ಮುರಿದರೆ ಕೈ ಎತ್ತಿ ನಿಲ್ಲಿಸುವ ಅಧಿಕಾರ ನನಗಿತ್ತು. ಎತ್ತುವ ಕೆಲಸ ನಡೆಯುವಾಗ ವಾಕಿಟಾಕಿಯಲ್ಲಿ ಕೆಲಸದ್ದಲ್ಲದ ಮಾತು ಕೂಡದು. ಹಿಂದೆ ಒಬ್ಬ ಹುಟ್ಟುಹಬ್ಬದ ಶುಭಾಶಯ ಹೇಳಿದ್ದಕ್ಕೆ ನಾನು ಕ್ರೇನನ್ನೇ ನಿಲ್ಲಿಸಿದ್ದೆ.

ಕೆಲಸ ಹೂವಿನಂತೆ ನಡೆಯಿತು. ಹಂಡೆ ನೆಲ ಬಿಟ್ಟಿತು, ನಿಂತಿತು, ಕಟ್ಟಡದ ಉದ್ದಕ್ಕೂ ತೇಲಿತು. ನೆವಿಲ್‌ನ ಧ್ವನಿ, ಮ್ಯಾಕ್ಸೀನಳ ಧ್ವನಿ, ಮತ್ತೆ ನೆವಿಲ್‌ನ "ಸರಿ". ಒಂದು ಸಲ ಅವಳು ಎರಡು ಬೆರಳು ಎಂಬಲ್ಲಿ ಮೂರು ಬೆರಳು ಎಂದಳು, ಅವನು "ತಪ್ಪು" ಎಂದು ಮೊದಲಿನಿಂದ ಹೇಳಿದ. ಪಿರ್ಕೊಳ ಹುಬ್ಬು ಒಂದಿಷ್ಟು ಮೇಲೇರಿತು. ಅದು ಮೆಚ್ಚುಗೆ ಎಂದು ನನಗೆ ಆಮೇಲೆ ತಿಳಿಯಿತು. ಹಂಡೆಯನ್ನು ಕೂರಿಸುವ ಉಕ್ಕಿನ ತೊಟ್ಟಿಲು ಸಿದ್ಧವಿತ್ತು. ಹಂಡೆ ಇಳಿಯಿತು, ಕೂತಿತು, ಪಟ್ಟಿಗಳು ಸಡಿಲವಾದವು.

"ಕ್ರೇನ್, ಹಂಡೆ ತೊಟ್ಟಿಲಲ್ಲಿ ಕೂತಿದೆ. ಕೆಲಸ ಮುಗೀತು," ಎಂದ ನೆವಿಲ್.

"ಹಂಡೆ ಕೂತಿದೆ. ಕೆಲಸ ಮುಗೀತು, ನಾನು ಇಳೀಬಹುದು," ಎಂದಳು ಮ್ಯಾಕ್ಸೀನ್.

ಇನ್ನುಳಿದದ್ದು "ಸರಿ" ಎಂಬುದೊಂದೇ. ಅದು ಬರಲಿಲ್ಲ.

ನಾವೆಲ್ಲ ಕಾದೆವು. ಕೊಕ್ಕೆ ಬಿಡಿಸಬೇಕಾದ ಇಬ್ಬರು ಕೈ ಚಾಚಿದವರು ಚಾಚಿದಂತೆಯೇ ನಿಂತರು. ಅಲಿಸ್ಟರ್ ನನ್ನ ಕಡೆ ನೋಡಿದರು. ಫೆಲಿಕ್ಸ್ ಬೆರಳಿನಲ್ಲಿ ವೃತ್ತ ಸುತ್ತಿ, ಹೇಳು ಹೇಳು ಎಂದು ಸನ್ನೆ ಮಾಡಿದ. ನೆವಿಲ್ ಬಾಯಿಯ ಹತ್ತಿರ ವಾಕಿಟಾಕಿ ಹಿಡಿದು, ಮೇಲಿನ ಗೂಡನ್ನೇ ನೋಡುತ್ತಿದ್ದ. ಹಂಡೆ ಸರಿಯಾಗಿ ಕೂತಿಲ್ಲವೇ ಎಂದು ತೊಟ್ಟಿಲಿಗೆ ಕಣ್ಣು ಹಾಯಿಸಿದೆ. ಆಮೇಲೆ ಅವನ ಮುಖ ನೋಡಿದೆ, ಅರ್ಥವಾಯಿತು. ಅವನು "ಸರಿ" ಎಂದರೆ ಅವಳು ಇಳಿಯುತ್ತಾಳೆ. ಇಳಿದರೆ ಹೋಗುತ್ತಾಳೆ. ಪಾಪದವನು ಆ ಒಂದು ಮಾತನ್ನು ಬಾಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಕ್ರೇನ್," ಎಂದ ಕೊನೆಗೆ. ಧ್ವನಿ ನಡುಗುತ್ತಿತ್ತು. "ಇನ್ನೊಂದು ಮಾತಿದೆ. ನಾಳೆ ಸಂಜೆ ನಮ್ಮನೆಗೆ ಊಟಕ್ಕೆ ಬರಬೇಕು."

ಇದು ಕೆಲಸದ ಮಾತಲ್ಲ. ಕೆಲಸ ಇನ್ನೂ ಮುಗಿದಿಲ್ಲ. ನಾನು ಕೈ ಎತ್ತಲೇಬೇಕಿತ್ತು, ಎತ್ತಿದೆ ಕೂಡ. ಕೈ ಭುಜದವರೆಗೆ ಹೋದಾಗ ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿದೆ ಎನ್ನಿಸಿ, ಅದನ್ನು ಬಹಳ ಹೊತ್ತು ಸರಿಮಾಡಿಕೊಂಡೆ. ಅಲಿಸ್ಟರ್ ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದರು.

ಮೇಲಿನಿಂದ ಬಂದ ಧ್ವನಿ ಕೆಲಸದ ಧ್ವನಿಯೇ. "ಯಾರನ್ನ ಕರೀತಿದ್ದೀಯ ಅಂತ ತಿಳೀಲಿಲ್ಲ. ಕ್ರೇನು ಊಟ ಮಾಡಲ್ಲ. ಮೊದಲಿಂದ ಹೇಳು."

ನೆವಿಲ್ ಉಗುಳು ನುಂಗಿದ್ದು ಧ್ವನಿವರ್ಧಕದಲ್ಲಿ ಕೇಳಿಸಿತು.

"ಮ್ಯಾಕ್ಸೀನ್," ಎಂದ. ವಾಕಿಟಾಕಿಯಲ್ಲಿ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. "ಮ್ಯಾಕ್ಸೀನ್, ನಾಳೆ ಸಂಜೆ ನಮ್ಮನೆಗೆ ಊಟಕ್ಕೆ ಬಾ."

ಆಮೇಲೆ ಅವಳು ಶುರು ಮಾಡಿದಳು, ತನಗೆ ಅರ್ಥವಾದದ್ದನ್ನು, ತನ್ನ ಮಾತಿನಲ್ಲಿ.

"ನಿನಗೆ ನನ್ನ ಮೇಲೆ ಮನಸ್ಸಿದೆ. ಇವತ್ತಿಂದಲ್ಲ, ಈ ಗೂಡಿಗೆ ನಾನು ಹತ್ತಿದ ವರ್ಷದಿಂದ. ಹೇಳೋಕೆ ಧೈರ್ಯ ಇರಲಿಲ್ಲ, ಅದಕ್ಕೆ ತರಕಾರಿ ಕಳಿಸ್ತಿದ್ದೆ. ಈಗ ನಾನು ಹೊರಟು ನಿಂತ ಮೇಲೆ ಜೀವ ತಡೀದೆ ಬಾಯಿ ಬಿಟ್ಟಿದ್ದೀಯ. ನನಗೆ ಅರ್ಥ ಆಗಿದ್ದು ಇದು."

ಅವನು ಹೇಳಿದ್ದು ಊಟಕ್ಕೆ ಬಾ ಎಂದು. ಅವಳು ತಿರುಗಿಸಿದ್ದು ಅವನ ಇಡೀ ಬದುಕನ್ನು. ನಿಯಮದ ಪ್ರಕಾರ ಅವನ ಮುಂದೆ ಎರಡೇ ದಾರಿ, "ಸರಿ" ಅಥವಾ "ತಪ್ಪು". ನಡುವೆ ನುಣುಚಿಕೊಳ್ಳಲು "ಹೂಂ" ಇಲ್ಲ, "ಹಂಗೇನಿಲ್ಲ" ಇಲ್ಲ. ಈ ನಿಯಮ ಎಷ್ಟು ಒಳ್ಳೆಯದು ಎಂದು ನನಗೆ ಆವತ್ತಿನಷ್ಟು ಎಂದೂ ಅನ್ನಿಸಿರಲಿಲ್ಲ.

"ಸರಿ," ಎಂದ ನೆವಿಲ್.

ಯಾರೋ ಚಪ್ಪಾಳೆ ತಟ್ಟಲು ಹೋದರು, ನಾನು ಕೆಕ್ಕರಿಸಿ ನೋಡಿದೆ, ನಿಲ್ಲಿಸಿದರು. ಫೆಲಿಕ್ಸ್ ಎಲ್ಲರೆದುರೇ ಅಳುತ್ತಿದ್ದ. ಅಲಿಸ್ಟರ್ ಪರದೆಯ ಕಡೆ ತಿರುಗಿ, ಕೆಲವು ಸಲ ನಮ್ಮ ಸಿಬ್ಬಂದಿ, ಅಂದರೆ, ಎಂದು ತೊದಲತೊಡಗಿದರು. ಪಿರ್ಕೊ ಕಾಫಿಯ ಲೋಟ ಕೆಳಗಿಟ್ಟಳು.

"ಒಂದು ವಿಷಯ ಬಾಕಿ ಇದೆ," ಎಂದಳು. "ಈಗ ಹೇಳಿದ 'ಸರಿ' ಊಟಕ್ಕೆ. ಹಂಡೆಗೆ ಇನ್ನೂ ಯಾರೂ ಹೇಳಿಲ್ಲ."

ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಇದನ್ನು ನಾನು ಹೇಳಬೇಕಿತ್ತು. ನೆವಿಲ್ ಗಡಬಡಿಸಿ ವಾಕಿಟಾಕಿ ಎತ್ತಿದ. ಹಂಡೆ ಕೂತಿದೆ ಎಂದ. ಹಂಡೆ ಕೂತಿದೆ, ಇಳೀಬಹುದು ಎಂದಳು ಅವಳು, ಈಗ ಅವಳ ಧ್ವನಿಯೂ ನೆಟ್ಟಗಿರಲಿಲ್ಲ. ಸರಿ ಎಂದ ಅವನು. ಆಗ ಕೊಕ್ಕೆಯ ಇಬ್ಬರು ಕೈ ಹಾಕಿದರು. ಪಿರ್ಕೊ ಅವರನ್ನೇ ನೋಡುತ್ತಿದ್ದಳು.

"ಇಷ್ಟೆಲ್ಲ ನಡೆದರೂ ಆ ಇಬ್ಬರು ಕೊಕ್ಕೆ ಮುಟ್ಟಲಿಲ್ಲ," ಎಂದಳು. "ನಾನು ನೋಡಬೇಕೆಂದದ್ದು ಅದು." ಆಮೇಲೆ ಸ್ವಲ್ಪ ಯೋಚಿಸಿ, ಮೊದಲಿನ ಚಿತ್ರಕ್ಕಿಂತ ಇದು ಚೆನ್ನಾಗಿದೆ ಎಂದು ಸೇರಿಸಿದಳು. ಪರದೆ ಕಪ್ಪಾಯಿತು.

ಅಷ್ಟರಲ್ಲಿ ನೆವಿಲ್ ಬಿಳಿಚಿಕೊಂಡು ನನ್ನ ಬಳಿ ಬಂದ. "ಗೇನರ್, ಅವಳು ಬರ್ತೀನಿ ಅಂದ್ಳಾ?"

ನಾನು ನೆನಪು ಮಾಡಿಕೊಂಡೆ. ಅಂದಿರಲಿಲ್ಲ. ಅರ್ಥವಾಯಿತು ಎಂದಿದ್ದಳು, ಅಷ್ಟೇ. ತಿರುಗಿ ಹೇಳುವುದಕ್ಕೂ ಒಪ್ಪುವುದಕ್ಕೂ ವ್ಯತ್ಯಾಸವಿದೆ, ಇದನ್ನು ಹೊಸಬರಿಗೆ ಕಲಿಸುವವಳೂ ನಾನೇ. ಅವನಿಗೆ ಸುಳ್ಳು ಹೇಳಲಾಗಲಿಲ್ಲ, ಏಣಿಯ ಕಡೆ ಕೈ ತೋರಿಸಿದೆ.

ಮ್ಯಾಕ್ಸೀನ್ ಗೂಡಿನ ಬಾಗಿಲು ತೆರೆದು ಏಣಿಗೆ ಕಾಲಿಟ್ಟಳು. ಏಣಿಯಲ್ಲಿ ಅವಸರ ಮಾಡಕೂಡದು, ಕೈಕಾಲು ನಾಲ್ಕರಲ್ಲಿ ಮೂರು ಯಾವಾಗಲೂ ಊರಿರಬೇಕು, ಕೆಳಗೆ ನೋಡಬಾರದು. ಈ ನಿಯಮಗಳನ್ನು ಅವಳು ಅವತ್ತು ಪಾಲಿಸಿದಷ್ಟು ನಿಧಾನವಾಗಿ ಯಾರೂ ಯಾವತ್ತೂ ಪಾಲಿಸಿರಲಾರರು. ಬೇಕೆಂದೇ ಮಾಡಿದಳು ಎಂದು ನನ್ನ ಅನುಮಾನ. ನೆವಿಲ್ ಹಳದಿ ಗೆರೆಯ ಹಿಂದೆ ನಿಂತಿದ್ದ. ವಾಕಿಟಾಕಿಯನ್ನು ಯಾರೋ ಅವನ ಕೈಯಿಂದ ತೆಗೆದುಕೊಂಡಿದ್ದರು. ಮತ್ತೆ ಅದೇ ಗರ ಬಡಿದ ಮುಖ, ಬಾಯಿಂದ ಒಂದು ಸದ್ದಿಲ್ಲ.

ಅವಳು ಕೊನೆಯ ಮೆಟ್ಟಿಲಿಳಿದು, ಕೈಗವಸು ಕಳಚಿ, ಅವನೆದುರು ಬಂದು ನಿಂತಳು.

"ಬರ್ತೀನಿ," ಎಂದಳು. "ಈರುಳ್ಳಿ ಹಾಕಬೇಡ."

ಅವನ ತುಟಿ ಅಲ್ಲಾಡಿತು. ಏನೂ ಹೊರಡಲಿಲ್ಲ. ಆದರೆ ವರ್ಷಗಳ ಅಭ್ಯಾಸ ಅವನ ಕೈಬಿಡಲಿಲ್ಲ.

"ಬರ್ತೀಯ," ಎಂದ. "ಈರುಳ್ಳಿ ಬೇಡ."

"ಸರಿ," ಎಂದಳು ಮ್ಯಾಕ್ಸೀನ್.

ಭಾನುವಾರ ಅವಳು ಸಾಮರ್ಸೆಟ್ಟಿಗೆ ಹೋದದ್ದು ಹೋದದ್ದೇ. ನೆವಿಲ್ ಮುಂದಿನ ಬೇಸಿಗೆಯವರೆಗೆ ವಾರ ವಾರ ರೈಲು ಹತ್ತಿ, ಕೊನೆಗೆ ತೋಟವನ್ನು ಬೇರೆಯವರಿಗೆ ಬಿಟ್ಟು ತಾನೂ ಹೋದ. ಫಿನ್‌ಲ್ಯಾಂಡಿನ ಹಂಡೆಗಳು ಈಗ ನಮ್ಮಲ್ಲಿ ತಯಾರಾಗುತ್ತಿವೆ. ನನ್ನ ಗಂಡ ಅಂಗಡಿಯ ಈರುಳ್ಳಿಗೆ ರುಚಿಯಿಲ್ಲವೆಂದು ದಿನಾ ಗೊಣಗುತ್ತಾನೆ.

ಫೆಲಿಕ್ಸ್ ತೆಗೆದ ಆ ಬೇಸರದ ಚಿತ್ರವನ್ನು ಹೊಸದಾಗಿ ಸೇರಿದವರಿಗೆಲ್ಲ ನಾನು ಮೊದಲ ದಿನ ತೋರಿಸುತ್ತೇನೆ, ಎಲ್ಲೂ ಕತ್ತರಿಸದೆ. ಮುಗಿದ ಮೇಲೆ ಹಂಡೆಯ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳುವುದಿಲ್ಲ. ಆಮೇಲೆ ಏನಾಯಿತು, ಜೊತೆಗಿದ್ದಾರಾ ಎಂದು ಕೇಳುತ್ತಾರೆ. ಇದ್ದಾರೆ, ನಂಬಿಕೆಯಿಲ್ಲದಿದ್ದರೆ ಅವರ ಮನೆಗೆ ಫೋನ್ ಮಾಡಿ ನೋಡಿ ಎನ್ನುತ್ತೇನೆ. ಎತ್ತುವವನು ನೆವಿಲ್. ಮ್ಯಾಕ್ಸೀನ್ ಇದ್ದಾಳಾ ಎಂದು ಕೇಳಿದರೆ, ಮ್ಯಾಕ್ಸೀನ್ ಇದ್ದಾಳಾ ಅಂತ ಕೇಳ್ತಿದ್ದೀರಿ ಎನ್ನುತ್ತಾನೆ. ನೀವು ಸರಿ ಎನ್ನುವವರೆಗೂ ಅವಳನ್ನು ಕರೆಯುವುದಿಲ್ಲ.